ಹಳೆಯ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿಗೆ ಅಗ್ಗದ ಸ್ಯಾಂಪ್ಲರ್ ಹುಡುಕಿದ ಕಥೆ

ನಮ್ಮ ಬಡಾವಣೆಯ ಭಜನಾ ಮಂಡಳಿಯವರು ವಾರಕ್ಕೆರಡು ಸಂಜೆ ನಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಸೇರುತ್ತಾರೆ. ದೇವಸ್ಥಾನದ ಹಾರ್ಮೋನಿಯಂ ಅನ್ನು ಹೊರಗೆ ಒಯ್ಯುವಂತಿಲ್ಲ, ಮನೆಯಲ್ಲಿರುವುದರ ತಿದಿ ಸೋರುತ್ತದೆ. ಹೊಸ ಕೀಬೋರ್ಡ್ ಕೊಳ್ಳುವಷ್ಟು ಹಣವನ್ನು ಇದಕ್ಕಾಗಿ ತೆಗೆದಿಡುವ ಸ್ಥಿತಿ ನನ್ನದಾಗಿರಲಿಲ್ಲ. ಇದ್ದದ್ದು ಒಂದು ಹಳೆಯ ಪೆಂಟಿಯಂ 4 ಗಣಕಯಂತ್ರ, ಅದರೊಳಗೆ 512 ಮೆಗಾಬೈಟ್ ಮೆಮೊರಿ, ಮಿಡಿ ತಂತಿ (ಯಾವ ಕೀಲಿ ಒತ್ತಿದೆವೆಂಬುದನ್ನು ಗಣಕಯಂತ್ರಕ್ಕೆ ಮುಟ್ಟಿಸುವಂಥದ್ದು) ಸಿಕ್ಕಿಸಬಹುದಾದ ಹಳೆಯ ಕೀಬೋರ್ಡ್ ಒಂದು, ಮತ್ತು ಎರಡು ಸಾವಿರ ರೂಪಾಯಿ. ಈ ಮಿತಿಯೊಳಗೆ ಸೌಂಡ್ ಬ್ಲಾಸ್ಟರ್ ಲೈವ್ 5.1 ಎಂಬ, ಗಣಕಯಂತ್ರದಿಂದ ಧ್ವನಿ ಹೊರಡಿಸುವ ಹಳೆಯ ಕಾರ್ಡನ್ನು ಸ್ಯಾಂಪ್ಲರ್ ಆಗಿ ದುಡಿಸಿಕೊಳ್ಳಲು ಸಾಧ್ಯವೇ ಎಂದು ಮೂರು ತಿಂಗಳು ಪ್ರಯತ್ನಿಸಿ ನೋಡಿದ್ದೇನೆ. ಸಾಧ್ಯವಿದೆ, ಅಷ್ಟೇ ಅಲ್ಲ, ಈ ಕಾರ್ಡಿಗೆ ಬೇಕಾದ ಸ್ಯಾಂಪ್ಲರ್ ಅದರ ಹೊಟ್ಟೆಯೊಳಗೇ ಇದೆ, ಅದಕ್ಕೆಂದು ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅನುಭವ.

ಸ್ಯಾಂಪ್ಲರ್ ಎಂದರೆ ನಿಜವಾದ ವಾದ್ಯದಿಂದ ಧ್ವನಿಮುದ್ರಿಸಿಕೊಂಡ ತುಣುಕುಗಳನ್ನು ಕೀಲಿಗಳಿಗೆ ಹಂಚಿ, ಒತ್ತಿದ ಕೀಲಿಗೆ ತಕ್ಕಂತೆ ಶ್ರುತಿಯನ್ನು ಏರಿಸಿ ಇಳಿಸಿ ನುಡಿಸುವ ಸಾಧನ. 1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿನ ಹೃದಯವಾದ ಇಎಂಯು10ಕೆ1 ಚಿಪ್ ಈ ಕೆಲಸಕ್ಕೆಂದೇ ರೂಪುಗೊಂಡದ್ದು. ಸ್ಯಾಂಪ್ಲರುಗಳಿಗೆ ಹೆಸರಾಗಿದ್ದ ಇ-ಮು ಸಂಸ್ಥೆಯನ್ನು 1993ರಲ್ಲಿ, ಈ ಕಾರ್ಡನ್ನು ತಯಾರಿಸಿದ ಕ್ರಿಯೇಟಿವ್ ಸಂಸ್ಥೆ ಕೊಂಡುಕೊಂಡಿತ್ತು. ಅಲ್ಲಿಯ ಪರಿಣತಿಯೇ ಮನೆಬಳಕೆಯ ಕಾರ್ಡಿಗೆ ಇಳಿದು ಬಂದಿತು. ಈ ಚಿಪ್ ಒಮ್ಮೆಗೆ 64 ಧ್ವನಿಗಳನ್ನು ತಾನೇ ನುಡಿಸುತ್ತದೆ, ಪ್ರತಿ ಧ್ವನಿಗೂ ಪ್ರತ್ಯೇಕ ಫಿಲ್ಟರ್ ಕೊಡುತ್ತದೆ, ಮೇಲಿನಿಂದ ಅನುರಣನವನ್ನೂ ತನ್ನ ಡಿಎಸ್‌ಪಿಯಲ್ಲೇ (ಧ್ವನಿ ಸಂಸ್ಕರಿಸುವ ಭಾಗದಲ್ಲೇ) ಬೆರೆಸುತ್ತದೆ. ಇಷ್ಟೆಲ್ಲ ನಡೆಯುವಾಗ ಗಣಕಯಂತ್ರದ ಮುಖ್ಯ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕುಳಿತಿರುತ್ತದೆ. ನನ್ನಂತೆ ಹಳೆಯ ಯಂತ್ರ ಇಟ್ಟುಕೊಂಡವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಧ್ವನಿ ತುಣುಕುಗಳಿಗೆ ಈ ಕಾರ್ಡಿನ ಮೇಲೆ ಮೆಮೊರಿ ಇಲ್ಲ; ಕಾರ್ಡನ್ನು ಗಣಕಯಂತ್ರಕ್ಕೆ ಜೋಡಿಸುವ ಪಿಸಿಐ ಮಾರ್ಗದ ಮೂಲಕ ಗಣಕಯಂತ್ರದ ಮೆಮೊರಿಯನ್ನೇ ಅದು ಓದಿಕೊಳ್ಳುತ್ತದೆ. ಹಾಗೆಂದು ಎಷ್ಟು ಬೇಕಾದರೂ ತುಂಬಲು ಬರುವುದಿಲ್ಲ. ಚಿಪ್ಪಿನ ವಿಳಾಸ ಪಟ್ಟಿಯಲ್ಲಿ ತಲಾ 4 ಕಿಲೋಬೈಟಿನ 8192 ಪುಟಗಳಿಗೆ ಮಾತ್ರ ಜಾಗವಿರುವುದರಿಂದ ಒಟ್ಟು ಮಿತಿ 32 ಮೆಗಾಬೈಟ್. ಮುಂದೆ ಹೇಳುವ ಎಲ್ಲ ಆಯ್ಕೆಗಳೂ ಈ ಒಂದು ಸಂಖ್ಯೆಯ ಸುತ್ತಲೇ ತಿರುಗುತ್ತವೆ.

ಕಾರ್ಡು ಕೊಳ್ಳುವಾಗ ತೋರಬೇಕಾದ ಎಚ್ಚರವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಾನು ಅಲ್ಲಿಯೇ ಎಡವಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬಿಡಿಭಾಗಗಳನ್ನು ರಾಶಿ ಹಾಕಿಕೊಂಡು ಮಾರುವ ಅಂಗಡಿಯೊಂದರಲ್ಲಿ ‘ಲೈವ್’ ಎಂದು ಕೇಳಿದಾಗ ಸಿಕ್ಕ ಮೊದಲ ಕಾರ್ಡು, ಮನೆಗೆ ತಂದು ನೋಡಿದರೆ, ಲೈವ್ 24-ಬಿಟ್ ಎಂಬ ಮಾದರಿಯಾಗಿತ್ತು. ಹೆಸರಿನಲ್ಲಿ ಲೈವ್ ಇದ್ದರೂ ಅದರಲ್ಲಿರುವುದು ಸಿಎ0106 ಚಿಪ್. ಸ್ಯಾಂಪಲ್ ನುಡಿಸುವ ಯಂತ್ರಾಂಶ ಅದರಲ್ಲಿ ಇಲ್ಲವೇ ಇಲ್ಲ. ಆಡಿಜಿ ಎಸ್‌ಇ ಮತ್ತು ಆಡಿಜಿ ಎಲ್‌ಎಸ್ ಕಾರ್ಡುಗಳದೂ ಇದೇ ಸ್ಥಿತಿ. ಡೆಲ್ ಗಣಕಯಂತ್ರಗಳ ಜೊತೆ ಬರುತ್ತಿದ್ದ ಕೆಲವು ಲೈವ್ ಕಾರ್ಡುಗಳಲ್ಲಿ ಇಎಂಯು10ಕೆ1ಎಕ್ಸ್ ಎಂಬ ಕತ್ತರಿಸಿದ ಆವೃತ್ತಿಯಿದ್ದು, ಅದೂ ನಮ್ಮ ಕೆಲಸಕ್ಕೆ ಬಾರದು. ಆದ್ದರಿಂದ ಡಬ್ಬಿಯ ಮೇಲಿನ ಹೆಸರನ್ನಾಗಲಿ ಅಂಗಡಿಯವರ ಮಾತನ್ನಾಗಲಿ ನೆಚ್ಚದೆ, ಕಾರ್ಡನ್ನು ಬೆಳಕಿಗೆ ಹಿಡಿದು ನಡುವಿನ ದೊಡ್ಡ ಚೌಕ ಚಿಪ್ಪಿನ ಮೇಲಿನ ಅಕ್ಷರಗಳನ್ನು ಓದಬೇಕು. ಇಎಂಯು10ಕೆ1 ಎಂದಿದ್ದು, ಅದರ ಬೆನ್ನಿಗೆ ಎಕ್ಸ್ ಇಲ್ಲದಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಎರಡನೆಯ ಬಾರಿ ಹೋದಾಗ ಬೇರೊಂದು ಅಂಗಡಿಯಲ್ಲಿ ನಾನೂರು ರೂಪಾಯಿಗೆ ಸರಿಯಾದ ಕಾರ್ಡು ಸಿಕ್ಕಿತು. ಅದರ ಹಿಂಬದಿಯ 15 ಪಿನ್ನಿನ ಜಾಯ್‌ಸ್ಟಿಕ್ ಕಿಂಡಿಯೇ ಮಿಡಿ ಕಿಂಡಿಯೂ ಹೌದಾದ್ದರಿಂದ, ಅದಕ್ಕೆ ಹೊಂದುವ ತಂತಿಯೊಂದನ್ನು ಇನ್ನೂರೈವತ್ತಕ್ಕೆ ತಂದೆ.

ಡ್ರೈವರ್ ವಿಷಯದಲ್ಲಿ ಎರಡು ದಾರಿಗಳನ್ನು ನೋಡಿದೆ. ವಿಂಡೋಸ್ ಎಕ್ಸ್‌ಪಿ ಇರುವವರಿಗೆ ಕೆಎಕ್ಸ್ ಪ್ರಾಜೆಕ್ಟ್ ಎಂಬ ಉಚಿತ ಡ್ರೈವರ್ ಉತ್ತಮವಾದದ್ದು. ಡಿಎಸ್‌ಪಿಯ ಒಳಗಿನ ಜೋಡಣೆಗಳನ್ನು ತಂತಿ ಎಳೆದಂತೆ ಪರದೆಯ ಮೇಲೆಯೇ ಬದಲಿಸಲು ಅದು ಅವಕಾಶ ಕೊಡುತ್ತದೆ, ಸೌಂಡ್‌ಫಾಂಟ್ (ವಾದ್ಯಗಳ ಧ್ವನಿ ತುಣುಕುಗಳನ್ನು ಕೀಲಿಗಳಿಗೆ ಹಂಚಿಟ್ಟ ಕಡತ) ತುಂಬಲು ಪ್ರತ್ಯೇಕ ಕಿಟಕಿಯೂ ಇದೆ. ಬೆಂಬಲ ನಿಂತುಹೋದ ಎಕ್ಸ್‌ಪಿಯನ್ನು ಅಂತರ್ಜಾಲಕ್ಕೆ ಒಡ್ಡುವ ಮನಸ್ಸಿಲ್ಲದ ಕಾರಣ ನಾನು ಡೆಬಿಯನ್ 12 ಲಿನಕ್ಸ್ ಹಾಕಿಕೊಂಡೆ. ಲಿನಕ್ಸಿನ ಅಲ್ಸಾ ಎಂಬ ಧ್ವನಿ ವ್ಯವಸ್ಥೆ ಈ ಕಾರ್ಡನ್ನು ತಾನಾಗಿ ಗುರುತಿಸುತ್ತದೆ. ಎಡಬ್ಲ್ಯುಇಎಸ್‌ಎಫ್‌ಎಕ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಅದರಲ್ಲಿರುವ ಎಎಸ್‌ಎಫ್‌ಎಕ್ಸ್‌ಲೋಡ್ ಆದೇಶದಿಂದ ಸೌಂಡ್‌ಫಾಂಟ್ ಕಡತವನ್ನು ಕಾರ್ಡಿಗೆ ಉಣಿಸಬಹುದು, ಅಲ್ಸಾದ್ದೇ ಆದ ಎಕನೆಕ್ಟ್ ಆದೇಶದಿಂದ ಕೀಬೋರ್ಡನ್ನು ಕಾರ್ಡಿನ ವೇವ್‌ಟೇಬಲ್ (ತುಣುಕುಗಳನ್ನು ನುಡಿಸುವ ಭಾಗ) ಕಿಂಡಿಗೆ ಸೇರಿಸಬಹುದು. ಯಂತ್ರ ಆರಿಸಿ ಹಚ್ಚಿದಾಗಲೆಲ್ಲ ಇವೆರಡನ್ನೂ ಮತ್ತೆ ಮಾಡಬೇಕಾಗುವುದರಿಂದ ಒಂದು ಚಿಕ್ಕ ಸ್ಕ್ರಿಪ್ಟಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಲ್ಲ ಸರಿಯಿದ್ದೂ ಸದ್ದೇ ಬಾರದೆ ಒಂದು ಇಡೀ ಸಂಜೆ ನಾನು ಪರದಾಡಿದ್ದುಂಟು. ಕೊನೆಗೆ ನೋಡಿದರೆ ಅಲ್ಸಾ ಮಿಕ್ಸರಿನಲ್ಲಿ ‘ಮ್ಯೂಸಿಕ್’ ಎಂಬ ಪಟ್ಟಿ ಸೊನ್ನೆಯಲ್ಲಿತ್ತು. ವೇವ್‌ಟೇಬಲ್ ಧ್ವನಿ ಹೊರಬರುವುದು ಆ ಪಟ್ಟಿಯ ಮೂಲಕ.

ಸಿದ್ಧವಾಗಿ ಸಿಗುವ ಉಚಿತ ಸೌಂಡ್‌ಫಾಂಟುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫ್ಲೂಯಿಡ್ ಆರ್3 ಹೆಸರುವಾಸಿ, ಆದರೆ 140 ಮೆಗಾಬೈಟ್ ದಾಟುವ ಅದು ಈ ಕಾರ್ಡಿಗೆ ಹಿಡಿಸುವುದಿಲ್ಲ. ಜನರಲ್‌ಯೂಸರ್ ಜಿಎಸ್ ಸುಮಾರು 30 ಮೆಗಾಬೈಟ್ ಇರುವುದರಿಂದ ಒಳಗೆ ಸೇರಿಕೊಳ್ಳುತ್ತದೆ, ಅದರ ಪಿಯಾನೋ ಮತ್ತು ತಂತಿವಾದ್ಯಗಳು ಅಳತೆಗೆ ಮೀರಿ ಚೆನ್ನಾಗಿವೆ. ಸಿನಿಮಾ ಹಾಡಿನ ಮಿಡಿ ಕಡತ ನುಡಿಸುವವರಿಗೆ ಇಷ್ಟು ಸಾಕು. ನಮ್ಮ ಅಗತ್ಯಕ್ಕೆ ಮಾತ್ರ ಇವು ಒದಗಲಿಲ್ಲ. ಇಂಥ ಸಾಮಾನ್ಯ ಸಂಗ್ರಹಗಳಲ್ಲಿ 128 ವಾದ್ಯಗಳಿಗೂ ಜಾಗ ಹಂಚಬೇಕು. ಹಾರ್ಮೋನಿಯಂ ಎಂದು ಸಿಗುವುದು ಬಾಯಲ್ಲಿ ಊದುವ ಹಾರ್ಮೋನಿಕಾ ಅಥವಾ ಪಾಶ್ಚಾತ್ಯ ರೀಡ್ ಆರ್ಗನ್ ಧ್ವನಿ. ಭಜನೆಗೆ ಕೂತವರ ಕಿವಿ ಅದನ್ನು ಒಪ್ಪುವುದಿಲ್ಲ.

ಹಾಗಾಗಿ ನಮ್ಮದೇ ಸೌಂಡ್‌ಫಾಂಟ್ ಕಟ್ಟಲು ನಿರ್ಧರಿಸಿದೆ, ಈ ಇಡೀ ಪ್ರಯತ್ನದಲ್ಲಿ ನನಗೆ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ. ಇದಕ್ಕೆ ಬಳಸಿದ ತಂತ್ರಾಂಶ ಪಾಲಿಫೋನ್; ಉಚಿತವೂ ಮುಕ್ತವೂ ಆದದ್ದು. ಸ್ಯಾಂಪಲ್, ವಾದ್ಯ, ಪ್ರಿಸೆಟ್ (ಆರಿಸಿ ನುಡಿಸಬಹುದಾದ ಸಿದ್ಧ ಜೋಡಣೆ) ಎಂಬ ಸೌಂಡ್‌ಫಾಂಟಿನ ಮೂರು ಹಂತಗಳನ್ನೂ ಎಡಗಡೆಯ ಪಟ್ಟಿಯಲ್ಲಿ ಬಿಡಿಸಿ ತೋರಿಸುವುದರಿಂದ ಕಲಿಯುವುದು ಕಷ್ಟವಾಗಲಿಲ್ಲ. ಹಳೆಯ ಯಂತ್ರಕ್ಕೆ ಅದು ಭಾರವಾದ್ದರಿಂದ ಸಂಪಾದನೆಯ ಕೆಲಸವನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಮುಗಿಸಿ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದೆ.

ದೇವಸ್ಥಾನದ ಹಾರ್ಮೋನಿಯಂ ಮೂರೂವರೆ ಸಪ್ತಕದ್ದು, 42 ಕೀಲಿಗಳಿವೆ. ಪೂಜೆ ಮುಗಿದು ಬಾಗಿಲು ಹಾಕುವ ಮಧ್ಯಾಹ್ನದ ಹೊತ್ತಿನಲ್ಲಿ, ಅರ್ಚಕರ ಅನುಮತಿ ಪಡೆದು, ಪ್ರಾಕಾರದ ಕೋಣೆಯಲ್ಲಿ ಕೂತು ಧ್ವನಿಮುದ್ರಿಸಿದೆವು. ಕಾರ್ಡಿನ ಮೈಕ್ ಕಿಂಡಿಯಲ್ಲಿ ಗೊರಗುಟ್ಟುವ ಸದ್ದು ಹೆಚ್ಚಾದ್ದರಿಂದ ಯುಎಸ್‌ಬಿ ಮೈಕ್ ಒಂದನ್ನು ಕಡ ತಂದಿದ್ದೆ. ಇಲ್ಲಿ ಲೆಕ್ಕ ಮುಖ್ಯ. ಕಾರ್ಡು ಒಳಗೆ ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ 16 ಬಿಟ್ಟಿನ ಒಂಟಿ ಧ್ವನಿ ಸೆಕೆಂಡಿಗೆ 96,000 ಬೈಟ್ ನುಂಗುತ್ತದೆ. 42 ಕೀಲಿಗಳನ್ನೂ ಹದಿನೈದು ಹದಿನೈದು ಸೆಕೆಂಡು ಹಿಡಿದರೆ 60 ಮೆಗಾಬೈಟ್ ಆಗಿ ಮಿತಿಯ ಹೊರಗೆ ಬೀಳುತ್ತದೆ. ಮೂರು ಕೀಲಿಗೊಂದರಂತೆ 14 ಸ್ವರಗಳನ್ನು ಮಾತ್ರ ಆರು ಸೆಕೆಂಡು ಹಿಡಿದು, ನಡುವಿನ ಭಾಗವನ್ನು ಮರುಕಳಿಸುವಂತೆ ಲೂಪ್ ಹಾಕಿದರೆ 8 ಮೆಗಾಬೈಟಿನಲ್ಲಿ ಮುಗಿಯುತ್ತದೆ.

ಲೂಪ್ ಹಾಕಲು ಹೋದಾಗ ತೊಡಕು ಎದುರಾಯಿತು. ಬಾಸ್ (ತಗ್ಗಿನ ಸ್ವರದ) ಮತ್ತು ಮೇಲ್ (ಅದಕ್ಕಿಂತ ಎತ್ತರದ ಸ್ವರದ) ಎಂಬ ಎರಡೂ ಸಾಲಿನ ರೀಡುಗಳು, ಅಂದರೆ ಗಾಳಿಗೆ ಕಂಪಿಸುವ ಲೋಹದ ನಾಲಗೆಗಳು, ಒಟ್ಟಿಗೆ ನುಡಿಯುವಾಗ, ಅವುಗಳ ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ, ಧ್ವನಿ ಮೆಲ್ಲಗೆ ಏರಿ ಇಳಿಯುವ ಅಲೆ ಹುಟ್ಟುತ್ತದೆ. ಹಾರ್ಮೋನಿಯಂಗೆ ಜೀವ ಬರುವುದೇ ಆ ಅಲೆಯಿಂದ. ಲೂಪಿನ ಮೊದಲೂ ಕೊನೆಯೂ ಅಲೆಯ ಒಂದೇ ಎತ್ತರಕ್ಕೆ ಬೀಳದಿದ್ದರೆ, ಸುತ್ತು ಬಂದಾಗಲೆಲ್ಲ ಧ್ವನಿ ಮುಗ್ಗರಿಸಿದಂತೆ ಕೇಳಿಸುತ್ತದೆ. ನಾಲ್ಕು ದಿನ ಹೆಣಗಿದ ಮೇಲೆ ನಾನು ಮತ್ತೊಮ್ಮೆ ದೇವಸ್ಥಾನಕ್ಕೆ ಹೋಗಿ, ಬಾಸ್ ಸ್ಟಾಪ್ ಮುಚ್ಚಿ ಮೇಲ್ ರೀಡುಗಳನ್ನು ಮಾತ್ರ, ಆಮೇಲೆ ಮೇಲ್ ಮುಚ್ಚಿ ಬಾಸ್ ರೀಡುಗಳನ್ನು ಮಾತ್ರ ಬೇರೆ ಬೇರೆಯಾಗಿ ಹಿಡಿದು ತಂದೆ. ಒಂಟಿ ರೀಡಿನ ಧ್ವನಿ ಸಮವಾಗಿರುವುದರಿಂದ ಲೂಪ್ ಹೊಲಿಗೆ ಕಾಣದಂತೆ ಕೂತಿತು. ಪಾಲಿಫೋನಿನಲ್ಲಿ ಒಂದೇ ವಾದ್ಯದೊಳಗೆ ಎರಡು ಪದರಗಳಾಗಿ ಇವನ್ನು ಜೋಡಿಸಿದಾಗ, ಆ ಅಲೆ ಕಾರ್ಡಿನೊಳಗೆ ತಾನಾಗಿ, ಪ್ರತಿ ಸಲವೂ ಹೊಸದಾಗಿ ಹುಟ್ಟತೊಡಗಿತು. ಮೆಮೊರಿ 16 ಮೆಗಾಬೈಟಿಗೆ ಏರಿತು, ಪ್ರತಿ ಕೀಲಿಗೂ ಎರಡು ಧ್ವನಿಗಳು ಖರ್ಚಾಗುವುದರಿಂದ 64ರ ಬದಲು 32 ಕೀಲಿಗಳಷ್ಟೇ ಒಟ್ಟಿಗೆ ನುಡಿಯಬಲ್ಲವು. ಹತ್ತು ಬೆರಳಿನವರಿಗೆ ಅದು ಕೊರತೆಯಲ್ಲ. ಮೊದಲ ಸಲ ಷಡ್ಜ ಹಿಡಿದು ಕೂತಾಗ, ಮಂಡಳಿಯ ಹಿರಿಯರೊಬ್ಬರು ಒಳಕೋಣೆಯಿಂದ ಬಂದು ‘ದೇವಸ್ಥಾನದ ಪೆಟ್ಟಿಗೆ ಯಾವಾಗ ತಂದಿರಿ?’ ಎಂದು ಕೇಳಿದರು.

ಉಳಿದ ಜಾಗದಲ್ಲಿ ತಂಬೂರಿ ಸೇರಿಸಿದೆ. ತಂಬೂರಿಗೆ ಲೂಪ್ ಹಾಕಬಾರದು; ಮೀಟಿದ ನಾದ ಕರಗುವವರೆಗೂ ಬಣ್ಣ ಬದಲಿಸುತ್ತ ಹೋಗುವುದೇ ಅದರ ಸ್ವಭಾವ. ನಾಲ್ಕು ತಂತಿಗಳನ್ನು ತಲಾ ಹನ್ನೆರಡು ಸೆಕೆಂಡು ಇಡಿಯಾಗಿ ಹಿಡಿದರೂ 4.6 ಮೆಗಾಬೈಟ್ ಮಾತ್ರ. ಶ್ರುತಿಯನ್ನು ಒಂದೂವರೆ ಮನೆಯಿಂದ (ಹಾರ್ಮೋನಿಯಂ ಕೀಲಿಗಳ ಲೆಕ್ಕದ ಶ್ರುತಿ ಮಟ್ಟ) ಎರಡೂವರೆಗೆ ಏರಿಸಿದರೂ ಧ್ವನಿ ಕೆಡಲಿಲ್ಲ, ಐದಕ್ಕೆ ಹೋದಾಗ ಮಾತ್ರ ಜೀವಾಳಿಯ ಝೇಂಕಾರ ತೆಳುವಾಯಿತು. ಹೆಂಗಸರ ಶ್ರುತಿಗೆ ಬೇರೆಯೇ ಮುದ್ರಣ ಬೇಕು. ಇನ್ನೊಂದು ಸೌಕರ್ಯವನ್ನು ಹೇಳದಿರಲಾರೆ. ಸೌಂಡ್‌ಫಾಂಟಿನಲ್ಲಿ ಪ್ರತಿ ಕೀಲಿಯ ಶ್ರುತಿಯನ್ನೂ ಸೆಂಟ್ (ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ತಿದ್ದಬಹುದು. ಷಡ್ಜವನ್ನು ಒಂದು ಕೀಲಿಗೆ ಕಟ್ಟಿಹಾಕಿ, ಅಂತರ ಗಾಂಧಾರವನ್ನು 14 ಸೆಂಟ್ ಇಳಿಸಿದ ಇನ್ನೊಂದು ಪ್ರಿಸೆಟ್ ಮಾಡಿದ್ದೇನೆ. ತಂಬೂರಿಯ ಮೇಲೆ ಆ ಗಾಂಧಾರ ಹಿಡಿದರೆ ಎರಡೂ ಒಂದಾಗಿ ನಿಲ್ಲುತ್ತವೆ. ನಿಜವಾದ ಹಾರ್ಮೋನಿಯಂನಲ್ಲಿ ಇದಕ್ಕಾಗಿ ರೀಡನ್ನೇ ಕೆರೆಯಬೇಕಾಗುತ್ತಿತ್ತು.

ಬೇರೆ ಆಯ್ಕೆಗಳನ್ನೂ ನೋಡದೆ ಬಿಡಲಿಲ್ಲ. ಫ್ಲೂಯಿಡ್‌ಸಿಂತ್ ಎಂಬ ಉಚಿತ ತಂತ್ರಾಂಶ ಸೌಂಡ್‌ಫಾಂಟುಗಳನ್ನು ಪ್ರೊಸೆಸರಿನ ಬಲದಿಂದ ನುಡಿಸುವುದರಿಂದ 32 ಮೆಗಾಬೈಟಿನ ಕಟ್ಟು ಅದಕ್ಕಿಲ್ಲ. ದೊಡ್ಡ ಫ್ಲೂಯಿಡ್ ಆರ್3 ಕೂಡ ನನ್ನ ಯಂತ್ರದಲ್ಲಿ ತೆರೆದುಕೊಂಡಿತು. ಆದರೆ ಕೀಲಿ ಒತ್ತಿದ್ದಕ್ಕೂ ಸದ್ದು ಬಂದದ್ದಕ್ಕೂ ನಡುವಿನ ವಿಳಂಬವನ್ನು ತಗ್ಗಿಸಲು ಹೋದರೆ ಧ್ವನಿ ಚಟಪಟ ಒಡೆಯುತ್ತಿತ್ತು, ಒಡೆಯದಂತೆ ಇಟ್ಟರೆ ಬೆರಳಿಗಿಂತ ಸ್ವರ ಹಿಂದೆ ಬೀಳುತ್ತಿತ್ತು. ಹೊಸ ಯಂತ್ರವಿರುವವರು ಇದನ್ನೇ ಬಳಸಲಿ. ಈ ಕಾರ್ಡಿನ ಮೂಲಕ ಕೇಳುವುದಾದರೆ ಫ್ಲೂಯಿಡ್‌ಸಿಂತಿನ ವೇಗವನ್ನು 44,100ರಿಂದ 48,000ಕ್ಕೆ ಬದಲಿಸಿಕೊಂಡರೆ ನಡುವಿನ ಒಂದು ಪರಿವರ್ತನೆ ತಪ್ಪುತ್ತದೆ. ಅಕಾಯ್ ಎಸ್2000, ಇ-ಮು ಇಎಸ್‌ಐ-32ರಂತಹ 1990ರ ದಶಕದ ಪ್ರತ್ಯೇಕ ಸ್ಯಾಂಪ್ಲರ್ ಪೆಟ್ಟಿಗೆಗಳ ಆಸೆಯೂ ನನಗಿತ್ತು. ಅವುಗಳ ಗಟ್ಟಿತನ ಮೆಚ್ಚತಕ್ಕದ್ದೇ. ಆದರೆ ಎರಡರಲ್ಲೂ 32 ಧ್ವನಿಗಳೇ, ಮೆಮೊರಿಯ ಗರಿಷ್ಠ ಮಿತಿ ಅಲ್ಲಿಯೂ 32 ಮೆಗಾಬೈಟೇ. ಕಡತ ತುಂಬಲು ಫ್ಲಾಪಿ ಅಥವಾ ಸ್ಕಸಿ ಡಿಸ್ಕು ಬೇರೆ ಹುಡುಕಬೇಕು. ಹೊರದೇಶದಿಂದ ತರಿಸಿದರೆ ಸಾಗಣೆ ಮತ್ತು ಸುಂಕ ಸೇರಿ ನನ್ನ ಎರಡು ಸಾವಿರ ಎಲ್ಲಿಗೂ ಸಾಲದು.

ಈ ಕಾರ್ಡಿನ ದೊಡ್ಡ ಕೊರತೆ ಅದರ ಕೈಯಲ್ಲಿಲ್ಲದ್ದು: ಇಂದಿನ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟ್ ಇರುವುದಿಲ್ಲ. ಸ್ಲಾಟ್ ಇರುವ ಹಳೆಯ ಯಂತ್ರ ಮನೆಯಲ್ಲಿ ಇಲ್ಲದವರು ಈ ಕಾರ್ಡಿಗಾಗಿ ಯಂತ್ರ ಕೊಳ್ಳಲು ಹೋಗಬಾರದು. ಇರುವವರು ಅದನ್ನು ಗುಜರಿಗೆ ಹಾಕುವ ಮುನ್ನ ಮುಚ್ಚಳ ತೆಗೆದು, ಬಿಳಿಯ ಪಿಸಿಐ ಸ್ಲಾಟಿನಲ್ಲಿ ಕೂತಿರುವ ಕಾರ್ಡಿನ ಚಿಪ್ಪಿನ ಮೇಲೆ ಏನು ಬರೆದಿದೆಯೆಂದು ಒಮ್ಮೆ ನೋಡಲಿ. ನನಗೆ ತಪ್ಪಾಗಿ ಕೊಂಡ ಮೊದಲ ಕಾರ್ಡಿನ ಮುನ್ನೂರು, ಸರಿಯಾದದ್ದರ ನಾನೂರು, ತಂತಿಯ ಇನ್ನೂರೈವತ್ತು ಸೇರಿ ಒಂಬೈನೂರೈವತ್ತು ರೂಪಾಯಿ ಖರ್ಚಾಯಿತು. ಉಳಿದ ಹಣವನ್ನು ಮನೆಯ ಹಾರ್ಮೋನಿಯಂನ ತಿದಿಗೆ ಹೊಸ ಚರ್ಮ ಹೊಂದಿಸಲು ಕೊಟ್ಟಿದ್ದೇನೆ. ಅದು ರಿಪೇರಿಯಾಗಿ ಬಂದ ಮೇಲೆ ಅದರ ರೀಡುಗಳನ್ನೂ ಹೀಗೆಯೇ ಹಿಡಿದು, ಉಳಿದಿರುವ 11 ಮೆಗಾಬೈಟಿನಲ್ಲಿ ಕೂರಿಸಬೇಕೆಂದಿದ್ದೇನೆ.