ಒಂದು ನಿಮಿಷದ ಪೋಸಿಗೆ ಯಾವ ಇದ್ದಿಲು? ವಿಲೋ ಕಡ್ಡಿ, ಕಂಪ್ರೆಸ್ಡ್, ಪೆನ್ಸಿಲ್

ಲೈಫ್ ಡ್ರಾಯಿಂಗ್‌ಗೆ (ಎದುರು ನಿಂತ ಮಾಡೆಲ್ ನೋಡಿ ಚಿತ್ರ ಬರೆಯುವುದು) ಹೊಸದಾಗಿ ಹೋಗುವವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಚಾರ್ಕೋಲ್ ಪೆನ್ಸಿಲ್. ಕೈಗೆ ಮಸಿ ಹತ್ತುವುದಿಲ್ಲ, ಹಿಡಿದು ಅಭ್ಯಾಸವೂ ಇರುತ್ತದೆ. ಆದರೆ 30 ಸೆಕೆಂಡು, 1 ನಿಮಿಷ, 2 ನಿಮಿಷದ ಪೋಸ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದೂ ಅದೇ. ಪೆನ್ಸಿಲ್, ಕಂಪ್ರೆಸ್ಡ್ ಕಡ್ಡಿ, ವಿಲೋ ಕಡ್ಡಿ ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ವಿಲೋ ಕಡ್ಡಿಗೆ.

ಪೆನ್ಸಿಲ್ಲಿನ ತಕರಾರು ತುದಿಯದು. ಒಳಗಿರುವುದು ಬೈಂಡರ್ (ಅಂಟು) ಸೇರಿಸಿ ಒತ್ತಿದ ಇದ್ದಿಲ ಪುಡಿ. ಮಾಮೂಲಿ ಪೆನ್ಸಿಲ್ ಕಡ್ಡಿಗಿಂತ ಬಲು ಪೆಡಸು. ಬೋರ್ಡಿನ ಮೇಲಿಂದ ಉರುಳಿ ನೆಲಕ್ಕೆ ಬಿದ್ದರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ. ಆಮೇಲೆ ಎಷ್ಟು ಕೆತ್ತಿದರೂ ಒಂದು ಗೆರೆ ಎಳೆಯುವಷ್ಟರಲ್ಲಿ ತುದಿ ಕಳಚಿ ಕೈಗೆ ಬರುತ್ತದೆ. ಮೆಂಡರ್ ಹಾಕಿದರೆ ಇನ್ನೂ ಕಷ್ಟ: ತಿರುಗಿಸುವಾಗ ಬೀಳುವ ತಿರುಚಿಗೇ ಕಡ್ಡಿ ಮುರಿದು, ಆ ಚೂರು ಬ್ಲೇಡಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕೆದಕಿ ತೆಗೆಯುವ ಹೊತ್ತಿಗೆ ಮಾಡೆಲ್ ಮುಂದಿನ ಪೋಸಿಗೆ ನಿಂತಾಗಿರುತ್ತದೆ.

ಇದಕ್ಕೆ ಇರುವ ದಾರಿ ಒಂದೇ. ಕಟರ್‌ನಿಂದ ಮರವನ್ನು ಉದ್ದಕ್ಕೆ, ತೆಳುವಾಗಿ ಹೆರೆದು ಸುಮಾರು 2 ಸೆಂ.ಮೀ. ಕಡ್ಡಿ ಹೊರಗೆ ತೆಗೆಯಬೇಕು. ಕಡ್ಡಿಗೆ ಬ್ಲೇಡ್ ತಾಗಿಸದೆ, ಉಪ್ಪುಕಾಗದದ ಮೇಲೆ ಹೊರಳಿಸುತ್ತಾ ಮೊನೆ ಮಾಡಬೇಕು. ಹೀಗೆ ಮೂರ್ನಾಲ್ಕು ಪೆನ್ಸಿಲ್‌ಗಳನ್ನು ಮನೆಯಲ್ಲೇ ಸಿದ್ಧಮಾಡಿ, ತುದಿಗೆ ಬಟ್ಟೆ ಸುತ್ತಿ ಒಯ್ಯಬೇಕು. ಇಷ್ಟೆಲ್ಲ ಮಾಡಿದರೂ ಇನ್ನೊಂದು ತೊಂದರೆ ಉಳಿದೇ ಇರುತ್ತದೆ. ಮೊನೆ ಕೈಯಲ್ಲಿದ್ದರೆ ಕಣ್ಣು ಅಂಚಿನ ಹಿಂದೆ ಹೋಗುತ್ತದೆ. ತಲೆಯಿಂದ ಶುರುಮಾಡಿ ಕಿವಿ, ಕತ್ತು, ಭುಜ ಎಂದು ಸುತ್ತುಗೆರೆ ಎಳೆಯುತ್ತಾ ಹೋದರೆ ಸೊಂಟ ಮುಟ್ಟುವಷ್ಟರಲ್ಲಿ ಟೈಮರ್ ಬಡಿಯುತ್ತದೆ. ಕಾಲಿಲ್ಲದ ಮನುಷ್ಯರಿಂದಲೇ ಪ್ಯಾಡ್ ತುಂಬುತ್ತದೆ.

ವಿಲೋ ಕಡ್ಡಿ ಎಂದರೆ ವಿಲೋ ಮರದ ಸಣ್ಣ ಕೊಂಬೆಯನ್ನು ಗಾಳಿ ಆಡದಂತೆ ಸುಟ್ಟದ್ದು, ಬೈಂಡರ್ ಇಲ್ಲ. 5–6 ಮಿ.ಮೀ. ದಪ್ಪದ್ದನ್ನು ತೆಗೆದುಕೊಂಡು 4 ಸೆಂ.ಮೀ. ಉದ್ದಕ್ಕೆ ಮುರಿಯಿರಿ. ಅಡ್ಡ ಮಲಗಿಸಿ ಎಳೆದರೆ ಒಂದೇ ಎಳೆತಕ್ಕೆ ಎದೆಯಿಂದ ಸೊಂಟದವರೆಗಿನ ಮೈ ಬರುತ್ತದೆ, ತುದಿಯಿಂದ ಗೆರೆ ಬರುತ್ತದೆ. ಒಂದು ನಿಮಿಷವನ್ನು ನಾನು ಹಂಚುವುದು ಹೀಗೆ: ಮೊದಲ 10 ಸೆಕೆಂಡು ಕತ್ತಿನ ಗುಳಿಯಿಂದ ಭಾರ ಹೊತ್ತ ಪಾದಕ್ಕೆ ತೂಗುಗೆರೆ, ಮುಂದಿನ 15ರಲ್ಲಿ ಭುಜದ ವಾಲು, ಸೊಂಟದ ವಾಲು. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವರಲ್ಲಿ ಇವೆರಡೂ ಸಾಮಾನ್ಯವಾಗಿ ಎದುರುಬದುರು ವಾಲಿರುತ್ತವೆ. ಆಮೇಲೆ ಕಡ್ಡಿ ಮಲಗಿಸಿ ಮೈ ತುಂಬುವುದು. ಕೊನೆಯ 10 ಸೆಕೆಂಡು ಗಲ್ಲದ ಕೆಳಗೆ, ಕಂಕುಳಲ್ಲಿ, ಪಾದದ ಬುಡದಲ್ಲಿ ಒತ್ತು ಕೊಡುವುದಕ್ಕೆ. ಸೀರೆ ಉಟ್ಟ ಮಾಡೆಲ್ ಆದರೆ ನೆರಿಗೆ ಎಣಿಸಲು ಹೋಗಬೇಡಿ. ಮೊಣಕಾಲು ಬಟ್ಟೆಯನ್ನು ಎಲ್ಲಿ ತಳ್ಳಿದೆ ಎಂಬುದಷ್ಟು ಸಾಕು.

ತಪ್ಪಿದರೆ ಹಳೆಯ ಕಾಟನ್ ಬಟ್ಟೆಯಿಂದ ಒರೆಸಿ. ಪುಡಿ ಬಹುಪಾಲು ಹೋಗಿ ತೆಳು ಬೂದು ಉಳಿಯುತ್ತದೆ, ಅದೇ ಮುಂದಿನ ಪೋಸಿಗೆ ನಡುಛಾಯೆ. ಬೆಳಕು ಬೇಕಾದಲ್ಲಿ ನೀಡೆಡ್ ಇರೇಸರ್ (ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್) ಒತ್ತಿ ಎತ್ತಿದರಾಯಿತು. ಒಂದೇ ಹಾಳೆಯ ಮೇಲೆ ಮೂರು ನಾಲ್ಕು ಪೋಸ್ ಹಾಯಾಗಿ ಆಗುತ್ತವೆ.

ಇದಕ್ಕೂ ಕೊರತೆ ಇದೆ. ಕೆಲವು ಕಡ್ಡಿಗಳಲ್ಲಿ ಗಟ್ಟಿ ಗಂಟು ಸಿಕ್ಕಿ ಕಾಗದ ಗೀರುತ್ತದೆ. ಉಪ್ಪುಕಾಗದಕ್ಕೆ ಎರಡು ಸಲ ಉಜ್ಜಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನುಣುಪು ಹಾಳೆಯ ಮೇಲೆ ಪುಡಿ ನಿಲ್ಲುವುದಿಲ್ಲ. ಪಠ್ಯಪುಸ್ತಕಕ್ಕೆ ಬೈಂಡ್ ಹಾಕುವ ಬ್ರೌನ್ ಪೇಪರ್ ಅಭ್ಯಾಸಕ್ಕೆ ಚೆನ್ನ, ಆದರೆ ಹೊಳಪಿಲ್ಲದ ಬದಿ ಮೇಲಿರಲಿ. ಪುಡಿಯನ್ನು ಬಾಯಿಂದ ಊದಬೇಡಿ: ಉಗುಳಿನ ಹನಿ ಬಿದ್ದಲ್ಲಿ ಕಲೆ ನಿಲ್ಲುತ್ತದೆ, ಪಕ್ಕದವರ ಹಾಳೆಯೂ ಹಾಳು. ಬೋರ್ಡನ್ನು ಕೊಂಚ ಮುಂದಕ್ಕೆ ವಾಲಿಸಿದರೆ ತಾನೇ ಉದುರುತ್ತದೆ. ಉಳಿಸಿಕೊಳ್ಳಬೇಕಾದ ಚಿತ್ರಕ್ಕೆ ಬಯಲಲ್ಲಿ, ಸುಮಾರು 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಮೂರು ಸಲ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿಸುವ ಸ್ಪ್ರೇ) ಹೊಡೆಯಿರಿ. ಒಂದೇ ಸಲ ತೋಯಿಸಿದರೆ ಛಾಯೆ ಕಪ್ಪಿಡುತ್ತದೆ.

ಕಂಪ್ರೆಸ್ಡ್ ಎಂದರೆ ಬೈಂಡರ್ ಸೇರಿಸಿ ಒತ್ತಿದ ಇದ್ದಿಲ ಪುಡಿಯ ಕಡ್ಡಿ. ಅದರ ಕಪ್ಪಿಗೆ ವಿಲೋ ಸಾಟಿಯಲ್ಲ. ಆದರೆ ಇಟ್ಟ ಗೆರೆ ಇಟ್ಟಂತೆ, ಒರೆಸಿದರೆ ರಾಡಿ. 20 ನಿಮಿಷದ ಪೋಸಿನಲ್ಲಿ, ವಿಲೋ ಕೆಲಸ ಮುಗಿದ ಮೇಲೆ, ಅತಿ ಗಾಢ ನೆರಳಿಗೆ ಮಾತ್ರ ಎತ್ತಿಕೊಳ್ಳಿ. ಮೊದಲೇ ಬಳಿದರೆ ಅದರ ಮೇಲೆ ವಿಲೋ ಸರಿಯಾಗಿ ಹಿಡಿಯುವುದಿಲ್ಲ.

ವಾರಕ್ಕೊಂದು ಸೆಷನ್ನಿಗೆ ಹೋಗುವವರಾದರೆ ಒಂದು ಡಬ್ಬಿ ಮಧ್ಯಮ ದಪ್ಪದ ವಿಲೋ, ಒಂದೇ ಒಂದು ಕಂಪ್ರೆಸ್ಡ್ ಕಡ್ಡಿ, ಒಂದು ನೀಡೆಡ್ ಇರೇಸರ್ ಕೊಳ್ಳಿ. ಉಳಿದ ದುಡ್ಡು ಎ2 ಅಳತೆಯ ಕಾಗದಕ್ಕೆ. ಪೆನ್ಸಿಲ್ ಆಗಲೇ ಕೊಂಡಿದ್ದರೆ ದೀರ್ಘ ಪೋಸಿನ ಬೆರಳು, ರೆಪ್ಪೆಗಳಿಗೆ ಇಟ್ಟುಕೊಳ್ಳಿ.