ಕಾರಿಗೆ ಅಗ್ಗದ ಲೋಯರ್ ಆರ್ಮ್ ಹಾಕಿಸುವ ಮೊದಲು ಒಮ್ಮೆ ಇದನ್ನು ಓದಿ

ಹೋದ ತಿಂಗಳು ದಾವಣಗೆರೆಯ ಹದಡಿ ರಸ್ತೆಯಲ್ಲಿ ನಮ್ಮ ಕಾರಿನ ಮುಂದಿನ ಎಡ ಚಕ್ರ ಕಳಚಿ ವಾಲಿತು. ಒಂದು ಹಂಪ್ ಇಳಿಸುತ್ತಿದ್ದೆ. ವೇಗ ಹದಿನೈದೋ ಇಪ್ಪತ್ತೋ ಇರಬೇಕು. ಕೆಳಗಿನಿಂದ ಧಡ್ ಎಂದು ಸದ್ದಾಯಿತು. ಸ್ಟಿಯರಿಂಗ್ ಹಿಡಿತಕ್ಕೆ ಸಿಗಲಿಲ್ಲ. ಗಾಡಿಯ ಮೂತಿ ಎಡಕ್ಕೆ ಕುಸಿದು ನಿಂತಿತು. ಇಳಿದು ನೋಡಿದರೆ ಚಕ್ರದ ಕೆಳಭಾಗ ಹೊರಗೆ ಚಾಚಿಕೊಂಡಿತ್ತು, ಮೇಲ್ಭಾಗ ಒಳಗೆ ಸಿಕ್ಕಿಕೊಂಡಿತ್ತು. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಗೇರ್‌ಬಾಕ್ಸ್‌ನಿಂದ ಹೊರಬಂದು ಆಯಿಲ್ ರಸ್ತೆ ಮೇಲೆ ಹರಿಯುತ್ತಿತ್ತು.

ಹಿಂದಿನ ದಿನ ಇದೇ ಕಾರಿನಲ್ಲಿ ಅವ್ವನನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೋಗಿ ಬಂದಿದ್ದೆ. ಎನ್‌ಎಚ್ 48ರಲ್ಲಿ, ತೊಂಬತ್ತರ ವೇಗದಲ್ಲಿ. ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ್ದಳು. ಆ ಚಕ್ರ ಭರಮಸಾಗರದ ಹತ್ತಿರ ಕಳಚಿದ್ದರೆ? ಈಗಲೂ ಮಲಗುವಾಗ ಅದೇ ಯೋಚನೆ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಕ್ರ ಕಳಚಿದ್ದು ಅಗ್ಗಕ್ಕೆ ತಂದ ಲೋಯರ್ ಆರ್ಮ್‌ನಿಂದ, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಭಾಗದಿಂದ.

ಶುರುವಾಗಿದ್ದು ಐದು ತಿಂಗಳ ಹಿಂದೆ. ನಮ್ಮದು ಹಳೆಯ ಡೀಸೆಲ್ ಕಾರು, ಲಕ್ಷ ಕಿಲೋಮೀಟರ್ ದಾಟಿದೆ. ಹಂಪ್ ಬಂದಾಗಲೆಲ್ಲ ಮುಂದಿನಿಂದ ಕಟ್ ಕಟ್ ಅನ್ನುತ್ತಿತ್ತು. ಮೇಸ್ತ್ರಿ ಗಾಡಿ ಎತ್ತಿ ನೋಡಿ, "ಲೋಯರ್ ಆರ್ಮ್ ಬುಷ್ ಹೋಗಿದಾವೆ ಸರ್. ಬಾಲ್ ಜಾಯಿಂಟಿನ ರಬ್ಬರೂ ಹರಿದಿದೆ. ಎರಡೂ ಕಡೆ ಆರ್ಮ್ ಬದಲಾಯಿಸಿಬಿಡಿ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು ಬಿಡಿಭಾಗ ತರಲು ಹೋದಾಗ.

ಕಂಪನಿಯ ಆರ್ಮ್ ಒಂದಕ್ಕೇ ಎರಡು ಸಾವಿರದ ಮೇಲೆ ಹೇಳಿದರು. ಅಲ್ಲಿಂದ ಪಿ.ಬಿ. ರಸ್ತೆಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ಎರಡೂ ಸೇರಿ 1,900 ರೂಪಾಯಿ. ಬಾಲ್ ಜಾಯಿಂಟ್, ಬುಷ್ ಎಲ್ಲ ಕೂರಿಸಿಯೇ ಇತ್ತು. ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. "ಅಣ್ಣಾರೆ, ಟ್ಯಾಕ್ಸಿಯವರೆಲ್ಲ ಇದನ್ನೇ ಹಾಕ್ಸೋದು, ಕಣ್ಣು ಮುಚ್ಚಿ ತಗೊಂಡು ಹೋಗಿ" ಎಂದರು ಅಂಗಡಿಯವರು. ಬಿಲ್ ಕೇಳಿದರೆ ಚೀಟಿಯ ಮೇಲೆ ಮೊತ್ತ ಬರೆದು ಕೊಟ್ಟರು. ನಾನೂ ಅಷ್ಟಕ್ಕೇ ಸುಮ್ಮನಾದೆ.

ಲೋಯರ್ ಆರ್ಮ್ ಮಾಡುವ ಕೆಲಸ ಏನು ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಈಗ ಸಿಗುವ ಬಹುಪಾಲು ಚಿಕ್ಕ ಕಾರುಗಳಲ್ಲಿ ಮುಂದಿನ ಚಕ್ರವನ್ನು ಮೇಲಿನಿಂದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಿಡಿದಿರುತ್ತವೆ. ಗಾಡಿಯ ಭಾರ ಅದರ ಮೇಲೆ. ಕೆಳಗಿನಿಂದ ಚಕ್ರವನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಈ ಆರ್ಮ್. ಒಂದು ತುದಿಯಲ್ಲಿ ಎರಡು ರಬ್ಬರ್ ಬುಷ್, ಅವು ಗಾಡಿಯ ಚೌಕಟ್ಟಿಗೆ ಸೇರುತ್ತವೆ. ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಗೂಡಿನೊಳಗೆ ತಿರುಗುವ ಲೋಹದ ಗುಂಡು, ಅದು ಚಕ್ರದ ಕಡೆಗೆ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಗುಂಡಿಗೆ ಬಿದ್ದಾಗ ಎಳೆತವೆಲ್ಲ ಈ ಆರ್ಮ್ ಮೇಲೇ ಬೀಳುತ್ತದೆ. ಆ ಬಾಲ್ ತನ್ನ ಗೂಡಿನಿಂದ ಹೊರಬಂದರೆ ಚಕ್ರವನ್ನು ಕೆಳಗೆ ಹಿಡಿಯಲು ಬೇರೆ ಏನೂ ಇಲ್ಲ. ಹಾರ್ನ್ ಕೆಟ್ಟರೆ, ಪವರ್ ವಿಂಡೋ ಕೆಟ್ಟರೆ ಹೇಗೋ ಮನೆ ಸೇರಬಹುದು. ಇದು ಹಾಗಲ್ಲ.

ಹಾಕಿಸಿದ ಮೇಲೆ ಸದ್ದು ನಿಂತಿತು. ಖುಷಿಯಾಯಿತು. ಆದರೆ ಗಾಡಿ ಮೆಲ್ಲಗೆ ಬಲಕ್ಕೆ ಎಳೆಯತೊಡಗಿತು. ನಮ್ಮಲ್ಲಿ ಬಲಕ್ಕೆ ಎಂದರೆ ಎದುರಿನ ಗಾಡಿಗಳ ಕಡೆಗೆ, ಅಲ್ವಾ? ವೀಲ್ ಅಲೈನ್‌ಮೆಂಟ್‌ಗೆ ಕೊಟ್ಟೆ. ಯಂತ್ರದಿಂದ ಬಂದ ಹಾಳೆಯಲ್ಲಿ ಎಡ ಚಕ್ರದ ಕ್ಯಾಂಬರ್ ಕೆಂಪು ಬಣ್ಣದಲ್ಲಿತ್ತು. ಚಕ್ರದ ತಲೆ ಬೇಕಾದ್ದಕ್ಕಿಂತ ಜಾಸ್ತಿ ಒಳಕ್ಕೆ ವಾಲಿದೆ ಎಂದು ಅದರರ್ಥ. ಅಲ್ಲಿದ್ದ ಹುಡುಗ ಸ್ಪಷ್ಟವಾಗಿ ಹೇಳಿದ: "ಈ ಗಾಡೀಲಿ ನಾವು ಟೋ ಮಾತ್ರ ಸೆಟ್ ಮಾಡಬಹುದು ಸರ್. ಕ್ಯಾಂಬರ್ ಹೀಗೆ ಬಂದ್ರೆ ಯಾವುದೋ ಪಾರ್ಟ್ ಬೆಂಡ್ ಆಗಿರ್ಬೇಕು, ಇಲ್ಲಾ ಅಳತೆ ತಪ್ಪಿರ್ಬೇಕು." ಟೋ ಎಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಆ ಹಾಳೆಯನ್ನು ಮಡಿಚಿ ಡ್ಯಾಶ್‌ಬೋರ್ಡ್‌ನೊಳಗೆ ಇಟ್ಟೆ. ಹೊಸ ಪಾರ್ಟ್ ಹಾಕಿಸಿ ವಾರವೂ ಆಗಿಲ್ಲ, ಅದೇ ತಪ್ಪಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಹುಡುಗನ ಮಾತು ಕೇಳಿದ್ದರೆ ಇದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ನಾಲ್ಕು ತಿಂಗಳಿಗೆ ಎಡ ಟೈರಿನ ಒಳಅಂಚು ಸವೆದು ನುಣ್ಣಗಾಯಿತು. ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗಿಯೇ ಕಾಣುತ್ತಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ, ಒಳಅಂಚಿಗೆ ಕೈ ಆಡಿಸಿದರೆ ಮಾತ್ರ ಗೊತ್ತಾಗುವಂಥದ್ದು. ಆಮೇಲೆ ಮತ್ತೆ ಕಟ್ ಕಟ್ ಸದ್ದು ಶುರುವಾಯಿತು. ಭಾನುವಾರ ತೋರಿಸೋಣ ಅಂದುಕೊಂಡೆ. ಭಾನುವಾರ ಬರುವ ಮೊದಲೇ ಚಕ್ರ ಕಳಚಿತು.

ಹಳೆಯ ಆರ್ಮ್‌ಗಳನ್ನು ಗುಜರಿಗೆ ಹಾಕದೆ ಡಿಕ್ಕಿಯಲ್ಲೇ ಇಟ್ಟಿದ್ದೆ. ಅದು ಒಳ್ಳೆಯದಾಯಿತು. ಮೇಸ್ತ್ರಿ ಹಳೆಯದನ್ನೂ ಮುರಿದದ್ದನ್ನೂ ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಬುಷ್‌ನ ತೂತುಗಳಿಗೆ ಬೋಲ್ಟ್ ತೂರಿಸಿ ಟೇಪ್ ಹಿಡಿದರು. ಬುಷ್‌ನಿಂದ ಬಾಲ್ ಜಾಯಿಂಟ್‌ವರೆಗೆ ಹೊಸದು 8 ಮಿಲಿಮೀಟರ್ ಜಾಸ್ತಿ ಉದ್ದ ಇತ್ತು. ಎಂಟೇ ಮಿಲಿಮೀಟರ್! ಆದರೆ ಆರ್ಮ್ ಉದ್ದವಾದರೆ ಚಕ್ರದ ಬುಡ ಹೊರಕ್ಕೆ ಹೋಗುತ್ತದೆ, ತಲೆ ಒಳಕ್ಕೆ ಬರುತ್ತದೆ. ಹಾಳೆಯಲ್ಲಿ ಕೆಂಪಾಗಿ ಬಂದಿದ್ದು ಅದೇ.

ಅದೇ ಹೊಸ ಆರ್ಮ್‌ನ ಹಿಂಬದಿಯ ಬುಷ್‌ನ ರಬ್ಬರ್ ಲೋಹದಿಂದ ಬಿಟ್ಟುಕೊಂಡಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿಯುತ್ತಿದ್ದುದರಿಂದ ಟೋ ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲುತ್ತಿರಲಿಲ್ಲ. ಟೈರ್ ತಿಂದದ್ದು ಎರಡೂ ಸೇರಿ. ಬಾಲ್ ಜಾಯಿಂಟಿನ ಕಥೆ ಇನ್ನೂ ಕೆಟ್ಟದ್ದು. ಬಾಲನ್ನು ಒಳಗೆ ಹಿಡಿದಿಡಬೇಕಾದ ಗೂಡಿನ ಅಂಚು ತೆಳ್ಳಗಿತ್ತು, ಬಿಚ್ಚಿಕೊಂಡಿತ್ತು. ಗ್ರೀಸ್ ಹೆಸರಿಗೆ ಮಾತ್ರ. ವೆಲ್ಡಿಂಗ್ ಪಕ್ಕದ ಬಣ್ಣ ಕೆರೆದರೆ ಕೆಲವು ಕಡೆ ತಗಡುಗಳು ಸರಿಯಾಗಿ ಕೂಡಿಯೇ ಇರಲಿಲ್ಲ.

ಫಿಟ್ಟಿಂಗ್‌ನಲ್ಲೂ ಒಂದು ತಪ್ಪಾಗಿತ್ತು ಎಂದು ಮೇಸ್ತ್ರಿಯೇ ಒಪ್ಪಿಕೊಂಡರು. ಅವತ್ತು ಕೆಲಸ ಜಾಸ್ತಿ ಇತ್ತು, ಹುಡುಗರಿಗೆ ಬಿಟ್ಟಿದ್ದರು. ಗಾಡಿ ಮೇಲೆತ್ತಿರುವಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆಗಲೇ ಬುಷ್‌ನ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಸುಮ್ನೆ ನಿಂತಿದ್ದರೂ ಅದು ಹಿಂಡುತ್ತಲೇ ಇರುತ್ತದೆ, ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕು. ಒಳ್ಳೆಯ ಕಂಪನಿಯ ಆರ್ಮ್ ಹಾಕಿಸಿದರೂ ಈ ಮಾತು ಮರೆಯಬೇಡಿ, ಮೇಸ್ತ್ರಿಗೂ ನೆನಪಿಸಿ. ಲಾಕ್ ನಟ್‌ಗಳನ್ನೂ ಹೊಸದೇ ಹಾಕಲು ಹೇಳಿ.

ಅಂಗಡಿಗೆ ಮುರಿದ ಆರ್ಮ್ ಹಿಡಿದುಕೊಂಡು ಹೋದೆ. "ನಮ್ಮದಲ್ಲ" ಎಂದರು ಮೊದಲು. ಚೀಟಿ ತೋರಿಸಿದೆ. ಅದರ ಮೇಲೆ ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಪಾರ್ಟ್ ನಂಬರ್ ಇಲ್ಲ. ನನಗೇ ಮಾತು ನಿಂತುಹೋಯಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಕೆಟ್ಟ ಸಾಮಾನಿನಿಂದ ಹಾನಿಯಾದರೆ ತಯಾರಿಸಿದವರನ್ನೂ ಮಾರಿದವರನ್ನೂ ಕೇಳುವ ದಾರಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆದರೆ ಅಲ್ಲೆಲ್ಲ ಮೊದಲು ಬೇಕಾಗುವುದು ಬಿಲ್. ನನ್ನ ಕೈಯಲ್ಲಿ ಅದೊಂದೇ ಇರಲಿಲ್ಲ. ಉಳಿಸಿದ ಎರಡು ಸಾವಿರ ಚಿಲ್ಲರೆಗೆ ಟೈರ್, ಡ್ರೈವ್ ಶಾಫ್ಟ್, ಗೇರ್ ಆಯಿಲ್, ಗಾಡಿ ಎಳೆಸಿದ್ದು ಎಲ್ಲ ಸೇರಿ ಹದಿನೇಳು ಸಾವಿರ ಹೋಯಿತು.

ಹೊರಗಿನ ಕಂಪನಿಯ ಬಿಡಿಭಾಗಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಕಾರು ಕಂಪನಿಗಳಿಗೇ ಮಾಡಿಕೊಡುವವರು ತಮ್ಮ ಹೆಸರಲ್ಲೂ ಮಾರುತ್ತಾರೆ, ಅವು ಚೆನ್ನಾಗಿಯೇ ಇರುತ್ತವೆ. ಹೆಸರಿಲ್ಲದ ಡಬ್ಬಿ ಮುಟ್ಟಬೇಡಿ ಅಷ್ಟೇ. ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಬುಷ್ ಹಾಕಿಸಿ ಎಂದು ಕೆಲವರು ನನಗೂ ಹೇಳಿದರು. ಬಾಳಿಕೆ ಬರುತ್ತದೆ ನಿಜ, ಆದರೆ ಗಟ್ಟಿ ಇರುತ್ತದೆ. ರಸ್ತೆಯ ಕುಲುಕಾಟ ಒಳಗೆ ಜಾಸ್ತಿ ಬರುತ್ತದೆ, ಕೆಲವೊಮ್ಮೆ ಕಿರಗುಟ್ಟುತ್ತದೆ. ಅವ್ವನಿಗೆ ಬೆನ್ನು ನೋವು. ಹಾಗಾಗಿ ನಾನು ರಬ್ಬರಿನದ್ದನ್ನೇ ಆರಿಸಿದೆ.

ಈ ಸಲ ಆರ್ಮ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಯ್ದೆ. ಕೌಂಟರ್ ಮೇಲೆ ಎರಡನ್ನೂ ಜೋಡಿಸಿ ಅಳೆದೆ. ಬಾಲ್ ಜಾಯಿಂಟನ್ನು ಕೈಯಲ್ಲಿ ಅಲುಗಾಡಿಸಿದೆ. ಹೊಸದು ಬಿಗಿಯಾಗಿ, ನಿಧಾನವಾಗಿ ತಿರುಗಬೇಕು. ಲೊಡ ಲೊಡ ಎಂದರೆ ಅಲ್ಲೇ ವಾಪಸ್ ಕೊಡಿ. ಪಾರ್ಟ್ ನಂಬರ್ ಇರುವ ಬಿಲ್ ತೆಗೆದುಕೊಂಡೆ. ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿದೆ. ಕ್ಯಾಂಬರ್ ಎರಡೂ ಕಡೆ ಹಸಿರು ಬಂತು.

ಮುರಿದ ಆರ್ಮ್ ಕೊಟ್ಟರೆ ಬದಲಿಗೆ ಹೊಸದು ಕೊಡುತ್ತೇವೆ ಎಂದು ಆ ಅಂಗಡಿಯಿಂದ ಆಮೇಲೆ ಫೋನ್ ಬಂದಿತ್ತು. ನಾನು ಕೊಡಲಿಲ್ಲ. ಅದು ಈಗ ಮೇಸ್ತ್ರಿಯ ಗ್ಯಾರೇಜಿನ ಗೋಡೆಗೆ ನೇತುಬಿದ್ದಿದೆ, ಪಕ್ಕದಲ್ಲೇ ನಮ್ಮ ಕಾರಿನ ಹಳೆಯ ಆರ್ಮ್. ಅಗ್ಗದ್ದೇ ಹಾಕಿ ಎಂದು ಬರುವವರಿಗೆ ಅವರು ಎರಡನ್ನೂ ಇಳಿಸಿ, ಕೈಗೆ ಟೇಪ್ ಕೊಟ್ಟು, ನೀವೇ ಅಳೆಯಿರಿ ಎನ್ನುತ್ತಾರೆ.