ಎಐಗೆ ವಿಕಿಪೀಡಿಯಾ ಜೋಡಿಸುವ ಎಂಸಿಪಿ ಸರ್ವರ್: ಶಿರಸಿಯಿಂದ ಬಳಕೆದಾರರ ವಿಮರ್ಶೆ

ಐದಕ್ಕೆ ಮೂರೂವರೆ. ವಿಕಿಪೀಡಿಯಾ-ಎಂಸಿಪಿ ಎಂಬ ಈ ಸರ್ವರ್ (ಎಐ ಆ್ಯಪ್ ಕೇಳಿದ್ದನ್ನು ತಂದುಕೊಡುವ ಪುಟ್ಟ ಪ್ರೋಗ್ರಾಂ) ಉಚಿತ, ಮುಕ್ತ ತಂತ್ರಾಂಶ. ಇದನ್ನು ಜೋಡಿಸಿದರೆ ಕ್ಲಾಡ್ ಡೆಸ್ಕ್‌ಟಾಪ್‌ನಂಥ ಎಐ ಆ್ಯಪ್ ನೆನಪಿನ ಮೇಲೆ ಉತ್ತರ ಹೇಳುವ ಬದಲು ವಿಕಿಪೀಡಿಯಾದ ಇವತ್ತಿನ ಪುಟವನ್ನೇ ತರಿಸಿ ಓದುತ್ತದೆ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿ ಎಂಬ ಮುಕ್ತ ಪ್ರೋಟೊಕಾಲ್, ಅಂದರೆ ಎಐ ಆ್ಯಪ್‌ಗಳನ್ನು ಹೊರಗಿನ ಮಾಹಿತಿಗೆ ಜೋಡಿಸುವ ಸಾಮಾನ್ಯ ಪದ್ಧತಿ, ಇದರ ತಳಹದಿ. ಪಾಠದ ಟಿಪ್ಪಣಿಗೆ, ಸ್ಮರಣ ಸಂಚಿಕೆಗೆ ಸಾಕಷ್ಟು ಉಪಯೋಗಿ. ಮಾರಿಕಾಂಬಾ ಜಾತ್ರೆ ಯಾವ ತಾರೀಖಿಗೆ ಎಂದು ಮಾತ್ರ ಇದನ್ನು ಕೇಳಬೇಡಿ, ಪಂಚಾಂಗ ನೋಡಿ.

ಕಂಪ್ಯೂಟರ್‌ನಲ್ಲಿ ಪೈಥಾನ್ ಭಾಷೆಯ ತಂತ್ರಾಂಶ ಇದ್ದರೆ, ಪೈಥಾನ್ ಪ್ರೋಗ್ರಾಂಗಳನ್ನು ಹಾಕಿಕೊಡುವ ಪಿಪ್‌ಎಕ್ಸ್‌ನ ಒಂದೇ ಕಮಾಂಡ್‌ನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಕಾಟ ಕೊಡುವುದು ಸರ್ವರ್‌ನ ಹೆಸರು, ಜಾಗ ಬರೆಯಬೇಕಾದ ಆ್ಯಪ್‌ನ ಜೇಸನ್ ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಕಡತ). ಕೊನೆಯಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೂ ಸರ್ವರ್ ಶುರುವಾಗದು. ವಿಂಡೋಸ್‌ನಲ್ಲಿ ಪಾತ್ (ಪ್ರೋಗ್ರಾಂ ಇರುವ ಫೋಲ್ಡರ್‌ನ ವಿಳಾಸ) ಬರೆಯುವಾಗ ಬ್ಯಾಕ್‌ಸ್ಲ್ಯಾಶ್ ಎರಡೆರಡು ಹಾಕಬೇಕು. ‘ಇಎನ್‌ಒಇಎನ್‌ಟಿ’ ಎಂಬ ಎರರ್ ಬಂದರೆ ಆ್ಯಪ್‌ಗೆ ಪ್ರೋಗ್ರಾಂ ಸಿಕ್ಕಿಲ್ಲ ಎಂದರ್ಥ. ಟರ್ಮಿನಲ್‌ಗೆ (ಕಮಾಂಡ್ ಟೈಪಿಸುವ ಕಿಟಕಿ) ಗೊತ್ತಿರುವ ಪಾತ್ ಆ್ಯಪ್‌ಗೆ ಗೊತ್ತಿರುವುದಿಲ್ಲ, ಹಾಗಾಗಿ ಪೂರ್ತಿ ಪಾತ್ ಬರೆಯಿರಿ. ತಿದ್ದಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು, ಕೆಳಗಿನ ಟ್ರೇಯಿಂದಲೂ ಕ್ವಿಟ್ ಮಾಡಿ ಮತ್ತೆ ತೆರೆಯಬೇಕು.

ಭಾಷೆಯ ಆಯ್ಕೆ ಸರ್ವರ್ ಶುರುವಾಗುವಾಗಲೇ ಆಗುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಬೇಕಿದ್ದರೆ ಕಾನ್ಫಿಗ್ ಫೈಲ್‌ನಲ್ಲಿ ಸರ್ವರನ್ನು ಬೇರೆ ಬೇರೆ ಹೆಸರಿನಲ್ಲಿ ಎರಡು ಸಲ ನಮೂದಿಸಿ, ಯಾವುದರಲ್ಲಿ ಹುಡುಕಬೇಕೆಂದು ಪ್ರಶ್ನೆಯಲ್ಲೇ ಹೇಳಿ. ನಮ್ಮ ಜಿಲ್ಲೆಯ ಎಷ್ಟೋ ಊರುಗಳಿಗೆ ಕನ್ನಡ ಪುಟ ಇದ್ದರೂ ನಾಲ್ಕೇ ಸಾಲು. ಹೆಸರಿನ ಗೊಂದಲವೂ ಇದೆ: ಇಂಗ್ಲಿಷಿನಲ್ಲಿ ಶಿರಸಿ ಎಂದಷ್ಟೇ ಕೇಳಿದರೆ ಉತ್ತರ ಪ್ರದೇಶದ ಸಿರ್ಸಿಯೂ ಎದುರಾಗುತ್ತದೆ. ಕಾಳಿ ನದಿ ನೇಪಾಳದ ಗಡಿಯಲ್ಲೂ ಒಂದಿದೆ. ‘ಕಾರವಾರದ ಬಳಿ ಸಮುದ್ರ ಸೇರುವ ಕಾಳಿ’ ಎಂದು ಬಿಡಿಸಿ ಕೇಳಿ.

ಒಂದೂವರೆ ಅಂಕ ಕಳೆದದ್ದು ಇದಕ್ಕೆ: ಸರ್ವರ್ ತರುವುದು ಪುಟದ ಸಾದಾ ಪಠ್ಯ ಮಾತ್ರ. ಬಲಬದಿಯ ಮಾಹಿತಿ ಚೌಕ, ಕೋಷ್ಟಕಗಳು ಉದುರಿಹೋಗುತ್ತವೆ. ನದಿಯ ಉದ್ದ, ಊರಿನ ಜನಸಂಖ್ಯೆ, ಪಿನ್‌ಕೋಡ್ ಸಾಮಾನ್ಯವಾಗಿ ಇರುವುದೇ ಅಲ್ಲಿ. ಪಠ್ಯದಲ್ಲಿ ಸಿಗದಿದ್ದಾಗ ಎಐ ಕೆಲವೊಮ್ಮೆ ಸುಮ್ಮನಿರದೆ ತನ್ನ ನೆನಪಿನಿಂದ ಅಂಕಿ ತುಂಬಿಸಿ, ವಿಕಿಪೀಡಿಯಾದ್ದೇ ಎಂಬ ಧಾಟಿಯಲ್ಲಿ ಹೇಳಿಬಿಡುತ್ತದೆ. ಅದಕ್ಕೇ ‘ತಂದ ಪಠ್ಯದಲ್ಲಿ ಇಲ್ಲದಿದ್ದರೆ ಇಲ್ಲ ಎನ್ನು, ಇದ್ದರೆ ಆ ವಾಕ್ಯವನ್ನೇ ಎತ್ತಿ ತೋರಿಸು’ ಎಂದು ಸೇರಿಸಿ. ಉತ್ತರದ ಮೇಲಿರುವ ಟೂಲ್ ಕರೆಯನ್ನು (ಎಐ ಸರ್ವರ್‌ಗೆ ಕೇಳಿದ್ದರ ದಾಖಲೆ) ಕ್ಲಿಕ್ ಮಾಡಿ ಬಿಡಿಸಿದರೆ ಏನು ಬಂತೆಂದು ನೀವೇ ನೋಡಬಹುದು. ಅಲ್ಲಿ ಕರೆಯೇ ಕಾಣದಿದ್ದರೆ ಎಐ ಪುಟ ತೆರೆದೇ ಇಲ್ಲ. ಜನಸಂಖ್ಯೆ ಸಿಕ್ಕರೂ ಯಾವ ವರ್ಷದ್ದೆಂದು ಕೇಳಿ. ಅದು ಹೆಚ್ಚಾಗಿ 2011ರ ಜನಗಣತಿಯದು.

ಇಡೀ ಲೇಖನ ತರಿಸುವ ಚಟ ಬೇಡ. ಅಷ್ಟೇ ವಿಷಯಕ್ಕೆ ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಪಠ್ಯವನ್ನು ಒಡೆದು ಎಣಿಸುವ ತುಣುಕು) ತಿನ್ನುತ್ತದೆ, ಉಚಿತ ಖಾತೆಯ ಮಿತಿ ಬೇಗ ಮುಗಿಯುತ್ತದೆ. ಮೊದಲು ಸಾರಾಂಶ, ಆಮೇಲೆ ಬೇಕಾದ ವಿಭಾಗ ಮಾತ್ರ ತರಿಸಿ.

ಸರ್ವರ್ ನಮ್ಮ ಕಂಪ್ಯೂಟರ್‌ನಲ್ಲೇ ಓಡಿದರೂ ಪುಟ ಬರುವುದು ನೆಟ್‌ನಿಂದ. ಮಳೆಗಾಲದಲ್ಲಿ ಘಟ್ಟದ ಮೇಲೆ ನೆಟ್ ಹೋದರೆ ಇದೂ ನಿಂತಂತೆ. ಬರೀ ಓದುವುದಕ್ಕಾದರೆ, ನೆಟ್ ಇಲ್ಲದೆ ಓದಲು ನೆರವಾಗುವ ಕಿವಿಕ್ಸ್ ಆ್ಯಪ್‌ನಲ್ಲಿ ಕನ್ನಡ ವಿಕಿಪೀಡಿಯಾವನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು.